ನಾಲ್ಕು ಭಾನುವಾರ, ಹನ್ನೆರಡು ದಿನ: ಕ್ರಿಸ್‌ಮಸ್ ಕಾಲದ ಲೆಕ್ಕ

ತುಮಕೂರಿನ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ನವೆಂಬರ್ ಕೊನೆಯಲ್ಲಿ ಬಾಗಿಲ ಮುಂದೆ ಪೇಪರ್ ಸ್ಟಾರ್ ಕಟ್ಟುತ್ತೇವೆ. ಎದುರು ಮನೆಯ ಅಕ್ಕ ಪ್ರತಿ ವರ್ಷ ಕೇಳುತ್ತಾರೆ: “ಹಬ್ಬ ಇಪ್ಪತ್ತೈದಕ್ಕಲ್ವೇನಮ್ಮ, ಈಗ್ಲೇ ಕಟ್ಟಿಬಿಟ್ರಾ?” ಜನವರಿ ಬಂದರೆ ಅವರದೇ ಇನ್ನೊಂದು ಪ್ರಶ್ನೆ: “ಹಬ್ಬ ಮುಗಿದು ವಾರ ಆಯ್ತು, ಇನ್ನೂ ಬಿಚ್ಚಿಲ್ವಾ?”

ಎರಡೂ ಒಳ್ಳೆಯ ಪ್ರಶ್ನೆಗಳು. ಆದರೆ ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವಂಥವಲ್ಲ. ರಜೆ ಪಟ್ಟಿಯಲ್ಲಿ ಕ್ರಿಸ್‌ಮಸ್ ಒಂದು ದಿನ. ಚರ್ಚಿನ ಲೆಕ್ಕದಲ್ಲಿ ಅದು ಸುಮಾರು ಒಂದೂಕಾಲು ತಿಂಗಳು. ಮೊದಲು ನಾಲ್ಕು ಭಾನುವಾರಗಳ ಕಾಯುವಿಕೆ, ಆಮೇಲೆ ಹನ್ನೆರಡು ದಿನಗಳ ಹಬ್ಬ. ಈ ಲೆಕ್ಕ ಗೊತ್ತಾದರೆ ನಮ್ಮ ಮನೆಗಳಲ್ಲಿ ನಡೆಯುವ ಒಂದೊಂದು ಕೆಲಸವೂ ಯಾಕೆ ಆ ದಿನವೇ ನಡೆಯುತ್ತದೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಮೊದಲು ತಾರೀಖಿನ ವಿಷಯ. ನಮ್ಮಲ್ಲಿ ಹಬ್ಬಗಳು ಎರಡು ಥರ ಅಲ್ವಾ? ಯುಗಾದಿ, ಶಿವರಾತ್ರಿ ಚಂದ್ರನನ್ನು ನೋಡಿ ಬರುತ್ತವೆ, ಅದಕ್ಕೇ ಪ್ರತಿ ವರ್ಷ ತಾರೀಖು ಬದಲಾಗುತ್ತದೆ. ಸಂಕ್ರಾಂತಿ ಸೂರ್ಯನ ಹಬ್ಬ, ಹೆಚ್ಚುಕಮ್ಮಿ ಅದೇ ತಾರೀಖಿಗೆ ನಿಲ್ಲುತ್ತದೆ. ಕ್ರೈಸ್ತರಲ್ಲೂ ಹೀಗೇ ಇದೆ. ಈಸ್ಟರ್ ನಮ್ಮ ಯುಗಾದಿಯ ಹಾಗೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಕ್ರಿಸ್‌ಮಸ್ ಸಂಕ್ರಾಂತಿಯ ಹಾಗೆ. ತಾರೀಖು ಅಲ್ಲಾಡುವುದಿಲ್ಲ.

ಆ ತಾರೀಖು 25 ಹೇಗಾಯಿತು? ಯೇಸು ಹುಟ್ಟಿದ ದಿನ ಯಾವುದು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಕ್ರಿ.ಶ. 354ರಲ್ಲಿ ರೋಮ್‌ನಲ್ಲಿ ಸಿದ್ಧವಾದ ಒಂದು ಪಟ್ಟಿಯಲ್ಲಿ ಡಿಸೆಂಬರ್ 25 ಅಂತ ಬರೆದಿರುವುದು ಸಿಕ್ಕಿದೆ. ಈ ದಿನವೇ ಯಾಕೆ ಅನ್ನುವುದಕ್ಕೆ ಪಂಡಿತರು ಎರಡು ಕಾರಣ ಕೊಡುತ್ತಾರೆ. ನಿನಗೆ ಮಗು ಹುಟ್ಟುತ್ತದೆ ಅಂತ ದೇವದೂತ ಯೇಸುವಿನ ತಾಯಿ ಮರಿಯಳಿಗೆ ಸುದ್ದಿ ಕೊಟ್ಟ ದಿನವನ್ನು ಮಾರ್ಚ್ 25 ಅಂತ ಇಟ್ಟುಕೊಂಡಿದ್ದರು, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಅನ್ನುವುದು ಒಂದು. ಚಳಿಗಾಲದ ಆ ಹೊತ್ತಿಗೆ ರೋಮನರಿಗೆ ಸೂರ್ಯನ ಹಬ್ಬವಿತ್ತು, ಅದೇ ದಿನವನ್ನು ಕ್ರೈಸ್ತರು ತಮ್ಮದಾಗಿಸಿಕೊಂಡರು ಅನ್ನುವುದು ಇನ್ನೊಂದು. ಚರ್ಚೆ ಇನ್ನೂ ಮುಗಿದಿಲ್ಲ. ಒಂಬತ್ತು ತಿಂಗಳ ಲೆಕ್ಕ ನನಗೆ ಜಾಸ್ತಿ ಹಿಡಿಸುತ್ತದೆ. ಬಸಿರು ಎಣಿಸಿ ಇಟ್ಟ ತಾರೀಖು ಅನ್ನುವುದರಲ್ಲಿ ಒಂದು ಮನೆಯ ಆಪ್ತತೆ ಇದೆ.

ಈಗ ಕಾಯುವ ಭಾನುವಾರಗಳಿಗೆ ಬರೋಣ. ಇವನ್ನು ಅಡ್ವೆಂಟ್ ಅನ್ನುತ್ತೇವೆ, ಕನ್ನಡದಲ್ಲಿ ಆಗಮನ ಕಾಲ. ಕ್ರಿಸ್‌ಮಸ್‌ಗೆ ಮೊದಲು ಬರುವ ನಾಲ್ಕು ಭಾನುವಾರಗಳು ಅಷ್ಟೇ. ಆದರೆ 25ನೇ ತಾರೀಖು ವಾರದ ಯಾವ ದಿನ ಬರುತ್ತದೆ ಅನ್ನುವುದರ ಮೇಲೆ ಇದರ ಉದ್ದ ಬದಲಾಗುತ್ತದೆ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬೀಳಲೇಬೇಕು. 2022ರಲ್ಲಿ ಕ್ರಿಸ್‌ಮಸ್ ಭಾನುವಾರವೇ ಬಂತು. ಆಗ ಅಡ್ವೆಂಟ್ ನವೆಂಬರ್ 27ಕ್ಕೇ ಶುರುವಾಗಿ ಪೂರ್ತಿ 28 ದಿನ ಸಿಕ್ಕಿತು. ಮರುವರ್ಷ ಕ್ರಿಸ್‌ಮಸ್ ಸೋಮವಾರ. ಅಡ್ವೆಂಟ್ ಡಿಸೆಂಬರ್ 3ಕ್ಕೆ ಶುರುವಾಗಿ 22 ದಿನಕ್ಕೇ ಮುಗಿಯಿತು. ಬೆಳಿಗ್ಗೆ ನಾಲ್ಕನೇ ಭಾನುವಾರದ ಆರಾಧನೆ ಮುಗಿಸಿ ಬಂದರೆ ಸಂಜೆ ಕ್ರಿಸ್‌ಮಸ್ ಈವ್! ಆ ವರ್ಷ ಅಡುಗೆಮನೆಯಲ್ಲಿ ಎಲ್ಲ ಹೆಂಗಸರ ಬಾಯಲ್ಲೂ ಒಂದೇ ಮಾತು: ಈ ಸಲ ದಿನ ಸಾಲಲಿಲ್ಲ.

ಈ ಲೆಕ್ಕಕ್ಕೆ ಆಲ್ಮನಾಕ್ ಅನ್ನುವ ಪುಸ್ತಕ ಇರುತ್ತದೆ. ಅದೇ ನಮ್ಮ ಪಂಚಾಂಗ ಅಂದುಕೊಳ್ಳಿ. ಯಾವ ಭಾನುವಾರ ಯಾವ ಪಾಠ ಓದಬೇಕು, ಯಜ್ಞವೇದಿಯ ಮೇಲೆ ಯಾವ ಬಣ್ಣದ ಬಟ್ಟೆ ಹಾಸಬೇಕು, ಎಲ್ಲ ಅದರಲ್ಲಿ ಇರುತ್ತದೆ. ಅಡ್ವೆಂಟ್‌ಗೆ ನೇರಳೆ ಬಣ್ಣ. ಕ್ರಿಸ್‌ಮಸ್‌ಗೆ ಬಿಳಿ. ಅಂದ ಹಾಗೆ, ಚರ್ಚಿನ ಹೊಸ ವರ್ಷ ಜನವರಿ 1ಕ್ಕೆ ಶುರುವಾಗುವುದಿಲ್ಲ. ಅಡ್ವೆಂಟ್‌ನ ಮೊದಲ ಭಾನುವಾರವೇ ನಮ್ಮ ಯುಗಾದಿ. ಪಾಠಗಳ ಸುತ್ತು ಅವತ್ತಿಂದ ಹೊಸದಾಗಿ ಶುರು.

ನೇರಳೆ ಯಾಕೆ? ಅದು ಮನಸ್ಸನ್ನು ಸರಿಮಾಡಿಕೊಳ್ಳುವ ಕಾಲದ ಬಣ್ಣ. ಎದುರು ಮನೆಯ ಅಕ್ಕನಿಗೆ ಇದು ಅರ್ಥವಾಗಿದ್ದು ಅವರ ಮಗ ಅಯ್ಯಪ್ಪ ಮಾಲೆ ಹಾಕಿದ ವರ್ಷ. ನವೆಂಬರ್, ಡಿಸೆಂಬರ್‌ನಲ್ಲಿ ತುಮಕೂರಿನ ಬೀದಿಗಳಲ್ಲಿ ಕಪ್ಪು ಬಟ್ಟೆಯ ಮಾಲಾಧಾರಿಗಳು ತುಂಬಿರುತ್ತಾರೆ. ಶಬರಿಮಲೆಗೆ ಹೋಗುವುದಕ್ಕಿಂತ ಮೊದಲಿನ ಆ ವ್ರತದ ದಿನಗಳೂ ಯಾತ್ರೆಯಷ್ಟೇ ಮುಖ್ಯ ಅಂತ ಅವರೇ ಹೇಳುತ್ತಾರೆ. ಅಡ್ವೆಂಟ್ ಕೂಡ ಅಂಥ ತಯಾರಿಯ ಕಾಲ. ನಮ್ಮೂರಿನಲ್ಲಿ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತ ಕುಟುಂಬಗಳೂ ಇವೆ. ಅವರು ಡಿಸೆಂಬರ್ 1ರಿಂದ 25 ದಿನ ನೋಂಬು ಹಿಡಿಯುತ್ತಾರೆ. ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಗಳಲ್ಲಿ ಅಷ್ಟು ಬಿಗಿ ಇಲ್ಲ. ಆದರೂ ನಮ್ಮ ಅಜ್ಜಿ ಆ ನಾಲ್ಕು ವಾರ ಯಾರ ಜೊತೆಗೂ ಜಗಳ ಉಳಿಸಿಕೊಳ್ಳುತ್ತಿರಲಿಲ್ಲ. ಮಾತು ಬಿಟ್ಟವರ ಮನೆಗೆ ತಾನೇ ಹೋಗಿ ಬರುತ್ತಿದ್ದಳು. ಅದು ಅವಳ ನೋಂಬು.

ಚರ್ಚಿನೊಳಗೆ ಹಸಿರೆಲೆಯ ಒಂದು ಚಕ್ರ ಇಟ್ಟಿರುತ್ತಾರೆ. ಅದರಲ್ಲಿ ನಾಲ್ಕು ಮೇಣದಬತ್ತಿ, ನಡುವೆ ಒಂದು ಬಿಳಿಯದು. ವಾರಕ್ಕೊಂದು ಹಚ್ಚುತ್ತಾ ಹೋಗುತ್ತಾರೆ, ಬಿಳಿಯದನ್ನು ಕ್ರಿಸ್‌ಮಸ್‌ಗೆ. ಇದರ ಹಿಂದೆ ಒಂದು ಚಂದದ ಕಥೆ ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಡಿಸೆಂಬರ್ ಬಂದರೆ ಮಕ್ಕಳು ದಿನಾ ಕೇಳುತ್ತಿದ್ದರಂತೆ, ಕ್ರಿಸ್‌ಮಸ್ ಇವತ್ತಾ, ನಾಳೇನಾ ಅಂತ. 1839ರಲ್ಲಿ ಅವರು ಹಳೆಯ ಬಂಡಿ ಚಕ್ರವೊಂದಕ್ಕೆ ಮೇಣದಬತ್ತಿಗಳನ್ನು ಜೋಡಿಸಿದರು. ಭಾನುವಾರಗಳಿಗೆ ದೊಡ್ಡವು, ಉಳಿದ ದಿನಗಳಿಗೆ ಚಿಕ್ಕವು. ದಿನಕ್ಕೊಂದು ಹಚ್ಚಿದರೆ ಎಷ್ಟು ದಿನ ಉಳಿದಿದೆ ಅಂತ ಮಕ್ಕಳಿಗೇ ಕಾಣುತ್ತದೆ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡುವ ನನಗೆ ಈ ಕಥೆ ತುಂಬಾ ಇಷ್ಟ. ನಮ್ಮ ಮಕ್ಕಳು ಕೇಳುವುದೂ ಅದೇ ಪ್ರಶ್ನೆ ಅಲ್ವಾ?

ನಾಲ್ಕು ಬತ್ತಿಗಳಿಗೆ ನಾಲ್ಕು ಹೆಸರು: ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ. ಮೂರನೆಯದು ಮಾತ್ರ ಗುಲಾಬಿ ಬಣ್ಣ, ಅದು ಸಂತೋಷದ್ದು. ಇದರಲ್ಲಿ ‘ನಿರೀಕ್ಷೆ’ ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಹೊರಗಿನ ಕನ್ನಡದಲ್ಲಿ ನಿರೀಕ್ಷೆ ಅಂದರೆ ಎದುರು ನೋಡುವುದು. ಬಸ್ಸನ್ನೂ ನಿರೀಕ್ಷಿಸುತ್ತೇವೆ, ಫಲಿತಾಂಶವನ್ನೂ ನಿರೀಕ್ಷಿಸುತ್ತೇವೆ. ಚರ್ಚಿನ ಕನ್ನಡದಲ್ಲಿ ಅದಕ್ಕೆ ಭರವಸೆ ಅನ್ನುವ ಅರ್ಥವಿದೆ. ಅಡ್ವೆಂಟ್ ಕಾಲದಲ್ಲಿ ಈ ಎರಡೂ ಅರ್ಥ ಒಂದಾಗುತ್ತವೆ. ನಮ್ಮ ಭಾಷೆಯಲ್ಲಿ ಇದು ಒಂದೇ ಪದದಲ್ಲಿ ಸಿಗುವುದು ನನಗೆ ದೊಡ್ಡ ಭಾಗ್ಯ ಅನ್ನಿಸುತ್ತದೆ.

ಅಡುಗೆಮನೆಯ ಲೆಕ್ಕ ಚರ್ಚಿಗಿಂತ ಮೊದಲೇ ಶುರು. ನವೆಂಬರ್‌ನಲ್ಲೇ ಒಣದ್ರಾಕ್ಷಿ, ಖರ್ಜೂರ, ಗೋಡಂಬಿ, ಕಿತ್ತಳೆ ಸಿಪ್ಪೆ ಹೆಚ್ಚಿ ನೆನೆಹಾಕುತ್ತಾರೆ. ಕೆಲವರು ರಮ್‌ನಲ್ಲಿ ನೆನೆಹಾಕುತ್ತಾರೆ. ನಮ್ಮದು ಸಿ.ಎಸ್.ಐ. ಆಗುವ ಮೊದಲಿನ ಹಳೇ ಮೆಥಡಿಸ್ಟ್ ಪಂಗಡದ ಮನೆ, ಮದ್ಯ ಒಳಗೆ ಬರುವುದಿಲ್ಲ. ಅಮ್ಮ ದ್ರಾಕ್ಷಿ ರಸ ಕುದಿಸಿ, ಆರಿಸಿ, ಅದರಲ್ಲಿ ನೆನೆಸಿ ಫ್ರಿಜ್‌ನಲ್ಲಿ ಇಡುತ್ತಾಳೆ. ಯಾಕೆ ನೆನೆಸಬೇಕು? ಒಣ ಹಣ್ಣನ್ನು ಹಾಗೇ ಹಾಕಿದರೆ ಅದು ಹಿಟ್ಟಿನ ನೀರನ್ನೆಲ್ಲ ಹೀರಿ ಕೇಕನ್ನು ಪುಡಿಪುಡಿ ಮಾಡುತ್ತದೆ. ನೆನೆದ ಹಣ್ಣು ಕೇಕನ್ನು ವಾರಗಟ್ಟಲೆ ಮೆತ್ತಗೆ ಇಡುತ್ತದೆ. ಪ್ಲಮ್ ಕೇಕಿನ ಕಡುಕಂದು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಸಕ್ಕರೆಯನ್ನು ಬಾಣಲೆಯಲ್ಲಿ ಕರಗಿಸಿ, ಕಡು ಕೆಂಪಗೆ ತಿರುಗಿ ಹೊಗೆ ಏಳುವ ಹೊತ್ತಿಗೆ ಬಿಸಿನೀರು ಹಾಕಬೇಕು. ಆಗ ಮಕ್ಕಳನ್ನು ಹತ್ತಿರ ಬಿಡಬಾರದು, ಸಿಡಿಯುತ್ತದೆ. ಮನೆಯಲ್ಲಿ ಓವನ್ ಇಲ್ಲದ ಕಾಲದಲ್ಲಿ ಅಮ್ಮ ಹಿಟ್ಟು ಕಲಸಿ, ಟ್ರೇಗೆ ಸುರಿದು, ಬೇಕರಿ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದಳು. ಟ್ರೇ ಅದಲುಬದಲಾಗದಿರಲಿ ಅಂತ ಮೇಲೊಂದು ಚೀಟಿ.

ಆಮೇಲೆ ಕರಿಯುವ ಕೆಲಸ. ಚಕ್ಕುಲಿ, ಕರ್ಜಿಕಾಯಿ, ಕಲ್‌ಕಲ್, ರೋಸ್ ಕುಕ್ಕಿ. ರೋಸ್ ಕುಕ್ಕಿಗೆ ಅಕ್ಕಿಹಿಟ್ಟು, ಸ್ವಲ್ಪ ಮೈದಾ, ಮೊಟ್ಟೆ, ಸಕ್ಕರೆ, ಎಳ್ಳು, ತೆಂಗಿನಹಾಲು. ಕಲ್ಪತರು ನಾಡಿನವರಿಗೆ ತೆಂಗಿನಹಾಲಿಗೇನು ಬರ? ಹೂವಿನ ಆಕಾರದ ಕಬ್ಬಿಣದ ಅಚ್ಚು ಒಂದಿರುತ್ತದೆ. ಅದನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ ಹಿಟ್ಟಿನಲ್ಲಿ ಅದ್ದಬೇಕು. ಅಚ್ಚು ಕಾದಿರದಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಪೂರ್ತಿ ಮುಳುಗಿಸಿದರೆ ಮೇಲೆಲ್ಲ ಮುಚ್ಚಿಕೊಂಡು ಬಿಡುವುದೇ ಇಲ್ಲ. ಅಂಚು ಕಾಣುವ ಹಾಗೆ ಮುಕ್ಕಾಲು ಮಾತ್ರ ಅದ್ದಿ ಎಣ್ಣೆಗೆ ಇಳಿಸಿ ಮೆಲ್ಲಗೆ ಅಲ್ಲಾಡಿಸಿದರೆ ಹೂವು ಕಳಚಿ ತೇಲುತ್ತದೆ. ಇದನ್ನು ನಾನು ಅಮ್ಮನಿಂದ ಕಲಿತೆ, ಅಮ್ಮ ಅಜ್ಜಿಯಿಂದ. ಅಚ್ಚು ಇವತ್ತಿಗೂ ಅದೇ.

ಈ ತಿಂಡಿ ನಮಗಿಂತ ಜಾಸ್ತಿ ಹೋಗುವುದು ಬೀದಿಯ ಮನೆಗಳಿಗೆ. ಮೊಟ್ಟೆ ತಿನ್ನದವರ ತಟ್ಟೆ ಬೇರೆ. ಅದರಲ್ಲಿ ಚಕ್ಕುಲಿ, ಕರ್ಜಿಕಾಯಿ, ಬಾಳೆಹಣ್ಣು ಮಾತ್ರ. ಮೊಟ್ಟೆಯ ಹಿಟ್ಟು ಮುಟ್ಟುವುದಕ್ಕೆ ಮುಂಚೆಯೇ, ಬೇರೆ ಎಣ್ಣೆಯಲ್ಲಿ ಅವನ್ನು ಕರಿದು ತೆಗೆದಿಡುತ್ತೇವೆ. ಕೇಳದಿದ್ದರೂ ಇದನ್ನು ಹೇಳಿಯೇ ಕೊಡಬೇಕು ಅನ್ನುವುದು ಅಮ್ಮನ ಕಟ್ಟುನಿಟ್ಟು.

ಅಡ್ವೆಂಟ್ ನಡುವೆ ಕ್ಯಾರಲ್ಸ್ ಬರುತ್ತದೆ. ಚರ್ಚಿನ ಗುಂಪು ರಾತ್ರಿ ಮನೆಮನೆಗೆ ಹೋಗಿ ಹಾಡುವುದು. ಇವತ್ತು ಶಿರಾ ಗೇಟ್ ಕಡೆ, ನಾಳೆ ಕ್ಯಾತ್ಸಂದ್ರ, ನಾಡಿದ್ದು ಬಟವಾಡಿ ಅಂತ ಮೊದಲೇ ಪಟ್ಟಿ ಮಾಡಿರುತ್ತಾರೆ. ನಾನು ಚಿಕ್ಕವಳಿದ್ದಾಗ ಪೆಟ್ರೊಮ್ಯಾಕ್ಸ್ ಹಿಡಿದು ನಡೆದೇ ಹೋಗುತ್ತಿದ್ದರು. ಈಗ ಟಾಟಾ ಏಸ್ ಮೇಲೆ ಲೈಟು, ಸ್ಪೀಕರ್. ಕ್ರಮ ಮಾತ್ರ ಬದಲಾಗಿಲ್ಲ. ಎರಡು ಹಾಡು, ಬೈಬಲ್‌ನಿಂದ ನಾಲ್ಕು ಸಾಲು, ಆ ಮನೆಯವರ ಹೆಸರು ಹೇಳಿ ಪ್ರಾರ್ಥನೆ, ಕಾಣಿಕೆ ಡಬ್ಬಿ, ಕಾಫಿ. ಪಾಶ್ಚಾತ್ಯ ರಾಗದ ಹಾಡಿಗೆ ಗಿಟಾರ್, ನಮ್ಮ ಕೀರ್ತನೆಗೆ ಡೋಲಕ್. ಕ್ರಿಸ್‌ಮಸ್ ತಾತನ ವೇಷದವನು ಮಕ್ಕಳಿಗೆ ಮಿಠಾಯಿ ಕೊಡುತ್ತಾನೆ.

ಅಡ್ವೆಂಟ್ ಕಾಯುವ ಕಾಲ ಅಂದ ಮೇಲೆ ಹುಟ್ಟಿದ ಹಾಡನ್ನು ಈಗಲೇ ಹಾಡುವುದು ಸರಿಯಾ ಅಂತ ಕೇಳುವವರು ಚರ್ಚಿನೊಳಗೇ ಇದ್ದಾರೆ. ಕಟ್ಟುನಿಟ್ಟಿನ ಲೆಕ್ಕಕ್ಕೆ ಅವರ ಮಾತು ಸರಿ. ಆದರೆ ಹಾಸಿಗೆ ಹಿಡಿದ ಮುದುಕಿಯ ಮಂಚದ ಸುತ್ತ ಇಪ್ಪತ್ತು ಜನ ನಿಂತು ಹಾಡುವುದನ್ನು ನೋಡಿದವರು ಆ ಮಾತು ಆಡುವುದಿಲ್ಲ. ಅವಳು 25ರಂದು ಚರ್ಚಿಗೆ ಬರಲಾರಳು. ಚರ್ಚೇ ಅವಳ ಹತ್ತಿರ ಬರುತ್ತದೆ. ಹಳ್ಳಿಗಳಿಗೆ ಹೋಗುವ ರಾತ್ರಿ ಇನ್ನೂ ಚಂದ. ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿರುತ್ತಾರೆ. ಅವರೆ ಹೊಲದ ಸೊಗಡು ಗಾಳಿಯಲ್ಲಿ. ಡಿಸೆಂಬರ್ ನಡುವಿನಿಂದ ಧನುರ್ಮಾಸ. ನಾವು ಹಾಡಿ ಮಲಗುವ ಹೊತ್ತಿಗೆ ಇನ್ನು ನಾಲ್ಕೈದು ಗಂಟೆಯಲ್ಲಿ ದೇವಸ್ಥಾನದ ಗಂಟೆ ಕೇಳುತ್ತದೆ. ಆ ತಿಂಗಳು ಊರಿಗೆ ನಿದ್ದೆ ಕಡಿಮೆ.

ಚರ್ಚಿನಿಂದ ಚರ್ಚಿಗೆ ಪದ್ಧತಿ ಯಾಕೆ ಬದಲಾಗುತ್ತದೆ ಅಂತಲೂ ಜನ ಕೇಳುತ್ತಾರೆ. ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರು ಜಿಲ್ಲೆಗಳನ್ನೇ ನೋಡಿದರೆ ಉತ್ತರ ಸಿಗುತ್ತದೆ. ತುಮಕೂರಿನ ಕಡೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನವರು, ಅಂದರೆ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ಹಾದಿಯವರು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಶುರು ಮಾಡಿದರು. ಚಿಕ್ಕಬಳ್ಳಾಪುರಕ್ಕೆ ಬಂದದ್ದು ಲಂಡನ್ ಮಿಷನ್. ಅಲ್ಲಿನ ಮಿಷನ್ ಆಸ್ಪತ್ರೆ ಅವರು ಕಟ್ಟಿದ್ದು. ಕೋಲಾರದ ಕಥೆ ಬೇರೆ. 1876ರಿಂದ 78ರ ಭೀಕರ ಬರಗಾಲದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಅನ್ನುವ ಮಹಿಳೆ ಸಾಕಿದರು. 1890ರಲ್ಲಿ ಅವರು ತಮ್ಮ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು, ಅಂದರೆ ಚರ್ಚಿನ ಪಂಗಡಗಳು, ಕೂಡಿ ಸಿ.ಎಸ್.ಐ. ಆದಾಗ ವೆಸ್ಲಿಯನ್ನರೂ ಲಂಡನ್ ಮಿಷನ್ನಿನವರೂ ಅದರಲ್ಲಿ ಸೇರಿದರು. ಕೋಲಾರದ ಮೆಥಡಿಸ್ಟರು ಬೇರೆಯಾಗಿಯೇ ಉಳಿದರು. ಈ ಮೂರೂ ಜಿಲ್ಲೆಗಳ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದವರು. ಇನ್ನು ಕೆಜಿಎಫ್. ಚಿನ್ನದ ಗಣಿಗೆ ಬಂದ ತಮಿಳರು, ಆಂಗ್ಲೋ ಇಂಡಿಯನ್ನರು ಎಲ್ಲರ ಚರ್ಚೂ ಅಲ್ಲಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಕ್ಕಳು ಕೆಲಸಕ್ಕೆ ಬೆಂಗಳೂರು ಹಿಡಿದರು. ಕ್ರಿಸ್‌ಮಸ್‌ಗೆ ರೈಲು ತುಂಬಿ ವಾಪಸ್ ಬರುತ್ತಾರೆ.

ಹಾಗಾಗಿ 24ರ ರಾತ್ರಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕ್ಯಾಥೊಲಿಕರಿಗೆ ನಡುರಾತ್ರಿಯ ಬಲಿಪೂಜೆಯೇ, ಅಂದರೆ ಮಾಸ್ ಆರಾಧನೆಯೇ, ದೊಡ್ಡದು. ಅಡ್ವೆಂಟ್ ಭಾನುವಾರಗಳಲ್ಲಿ ಅವರು ‘ಉನ್ನತದಲ್ಲಿ ದೇವರಿಗೆ ಮಹಿಮೆ’ ಅನ್ನುವ ಗೀತೆ ಹಾಡುವುದಿಲ್ಲ. ಅದನ್ನು ಆ ರಾತ್ರಿಗೆ ಕಾದಿಟ್ಟು, ಗಂಟೆ ಬಾರಿಸುತ್ತಾ ಎತ್ತಿಕೊಳ್ಳುತ್ತಾರೆ. ಅವರ ಗೋದಲಿಯಲ್ಲೂ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆಯಲ್ಲೂ, ಅಷ್ಟೆ. ದನ, ಕುರಿ, ಮರಿಯಳು, ಅವಳ ಗಂಡ ಯೋಸೇಫ ಎಲ್ಲ ಮೊದಲೇ ಬಂದಿರುತ್ತಾರೆ, ತೊಟ್ಟಿಲ ಜಾಗ ಮಾತ್ರ ಖಾಲಿ. ಮಗುವನ್ನು ಇಡುವುದು 24ರ ರಾತ್ರಿಯೇ. ಹೀಗೆ ಗೋದಲಿ ಕಟ್ಟುವ ಪದ್ಧತಿಯನ್ನು ಹರಡಿದವರು ಅಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ ಹುಲ್ಲು, ಎತ್ತು, ಕತ್ತೆ ತಂದು ನಿಲ್ಲಿಸಿ ಜನರಿಗೆ ತೋರಿಸಿದರು. ನಮ್ಮ ಚರ್ಚಿನಲ್ಲಿ 24ರ ಸಂಜೆ ಮೇಣದಬತ್ತಿಯ ಗೀತಾರಾಧನೆ, 25ರ ಬೆಳಗಿನ ಆರಾಧನೆ ದೊಡ್ಡದು.

ನಡುರಾತ್ರಿ ಯಾಕೆ? ಅದಕ್ಕೆ ಲೂಕನ ಸುವಾರ್ತೆ ಓದಬೇಕು. ನಮ್ಮ ಹಳೆಯ ಕನ್ನಡ ಬೈಬಲ್ ಅನುವಾದಕರು ಆರಿಸಿಕೊಂಡ ಪದಗಳನ್ನು ನೋಡಿ. ಮರಿಯಳು ಯೋಸೇಫರಿಗೆ ಜಾಗ ಸಿಗದೇ ಹೋದದ್ದು ‘ಛತ್ರ’ದಲ್ಲಿ. ಮಗುವನ್ನು ಮಲಗಿಸಿದ್ದು ‘ಗೋದಲಿ’ಯಲ್ಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿಯಲ್ಲಿ. ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದ ‘ಕುರುಬ’ರಿಗೆ. ಶಿರಾ, ಪಾವಗಡದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆ ತೆಗೆದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಮಂದೆ ಬಿಡಿಸುತ್ತಾರೆ. ಕುರಿಗಾಹಿ ಕಂಬಳಿ ಹೊದ್ದು ಹಿಂಡಿನ ಪಕ್ಕದಲ್ಲೇ ರಾತ್ರಿ ಕಳೆಯುತ್ತಾನೆ. ನಾಯಿ ಬೊಗಳಿದರೆ ಎದ್ದು ಕೂರುತ್ತಾನೆ. ಊರೆಲ್ಲ ಮಲಗಿರುವಾಗ ಎಚ್ಚರ ಇರುವವನು ಅವನೊಬ್ಬನೇ. ಸುದ್ದಿ ಅವನಿಗೇ ಮೊದಲು ಸಿಕ್ಕಿತು. ಆ ರಾತ್ರಿಯ ನೆನಪಿಗೆ ನಾವೂ ಎದ್ದಿರುತ್ತೇವೆ.

25ರ ಬೆಳಿಗ್ಗೆ ಹೊಸಬಟ್ಟೆ, ಚರ್ಚು, ಕರ್ತರ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಬಾಗಿಲಲ್ಲಿ ಎಲ್ಲರಿಗೂ ಕೈಕುಲುಕು. ಮಧ್ಯಾಹ್ನಕ್ಕೆ ಬಿರಿಯಾನಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದೂ ಇರುತ್ತದೆ. ಆದರೆ ನಮ್ಮ ಮನೆಯ ಹಿರಿಯರಿಗೆ ಹಬ್ಬದೂಟ ಅಂದರೆ ಅವರೆಕಾಳು ಹಾಕಿದ ಮಟನ್ ಸಾರು, ರಾಗಿ ಮುದ್ದೆ. ಅವರೆಕಾಯಿ ಬರುವುದೇ ಈ ಕಾಲಕ್ಕೆ.

ಹೊರಗಿನವರು ಅವತ್ತಿಗೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಚರ್ಚಿನ ಲೆಕ್ಕದಲ್ಲಿ ಅವತ್ತು ಹನ್ನೆರಡರಲ್ಲಿ ಮೊದಲ ದಿನ. ಮರುದಿನ, 26ಕ್ಕೆ, ನಂಬಿಕೆಗಾಗಿ ಪ್ರಾಣ ಕೊಟ್ಟ ಮೊದಲ ರಕ್ತಸಾಕ್ಷಿ ಸ್ತೆಫನನ ದಿನ. 28ಕ್ಕೆ ಹೆರೋದ ಅರಸ ಕೊಲ್ಲಿಸಿದ ಬೇತ್ಲೆಹೇಮಿನ ಕೂಸುಗಳ ನೆನಪು. ಹಬ್ಬದ ನಡುವೆ ಸಾವಿನ ದಿನಗಳು ಯಾಕೆ ಅಂತ ಚಿಕ್ಕಂದಿನಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲ.

ಅಪ್ಪ ತೀರಿಕೊಂಡಿದ್ದು ಒಂದು ಅಕ್ಟೋಬರ್‌ನಲ್ಲಿ. ಆ ವರ್ಷ ಅಮ್ಮ ಹಣ್ಣು ನೆನೆಹಾಕಲಿಲ್ಲ, ಸ್ಟಾರ್ ಕಟ್ಟಲಿಲ್ಲ. ನಮ್ಮಲ್ಲಿ ಸಾವಾದ ಮನೆಯವರು ಆ ವರ್ಷ ಹಬ್ಬ ಮಾಡುವುದಿಲ್ಲ. ಕ್ಯಾರಲ್ಸ್‌ನವರು ಬಂದು ಗೇಟಿನ ಹೊರಗೇ ನಿಂತರು. “ಬರಬಹುದಾ ಅಮ್ಮಾ?” ಅಂದರು. ಅಮ್ಮ ತಲೆಯಾಡಿಸಿದಳು. ಡೋಲಕ್ ಕೆಳಗಿಟ್ಟು ಒಂದೇ ಹಾಡು ಹಾಡಿದರು, ನಿಧಾನವಾಗಿ. ಅಪ್ಪನ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಕಾಣಿಕೆ ಡಬ್ಬಿ ಚಾಚಲಿಲ್ಲ. ಅವರು ಹೋದ ಮೇಲೆ ಅಮ್ಮ ಅಟ್ಟದಿಂದ ಸ್ಟಾರ್ ಇಳಿಸಲು ಹೇಳಿದಳು. ಬಲ್ಬ್ ಹಾಕಲಿಲ್ಲ. ಸುಮ್ನೆ ಕಟ್ಟಿದೆವು. ಈ ಹಬ್ಬದೊಳಗೆ ಅಳುವವರಿಗೂ ದಿನ ಇಟ್ಟಿದ್ದಾರೆ ಅನ್ನುವುದು ನನಗೆ ತಿಳಿದದ್ದು ಆ ವರ್ಷ.

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ. ಮೊರೇವಿಯನ್ ಸಭೆಯವರು ನಡೆಸುತ್ತಿದ್ದ ರಾತ್ರಿ ಜಾಗರಣೆಯನ್ನು ಜಾನ್ ವೆಸ್ಲಿ 1740ರ ಹೊತ್ತಿಗೆ ತಮ್ಮ ಜನರಲ್ಲಿ ಶುರು ಮಾಡಿದರು. ಹನ್ನೆರಡಕ್ಕೆ ಕೆಲವು ನಿಮಿಷ ಇರುವಾಗ ದೀಪ ಆರಿಸಿ ಮೊಣಕಾಲೂರುತ್ತೇವೆ. ಯಾರೂ ಮಾತಾಡುವುದಿಲ್ಲ. ಹೊರಗೆ ಪಟಾಕಿ ಶುರುವಾಗಿರುತ್ತದೆ. ಒಳಗೆ ಕೆಮ್ಮಿದರೂ ಕೇಳುತ್ತದೆ. ಗಂಟೆ ಹೊಡೆದ ಮೇಲೆ ದೀಪ, ಹಾಡು, ಕಣ್ಣೀರು. ಮನೆಗೊಂದು ವಾಗ್ದಾನ ವಚನದ ಕಾರ್ಡ್ ಕೊಡುತ್ತಾರೆ. ಅದು ವರ್ಷಪೂರ್ತಿ ಬಾಗಿಲ ಮೇಲೋ ಫ್ರಿಜ್ ಮೇಲೋ ಇರುತ್ತದೆ.

ಜನವರಿಯ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ. ಇದನ್ನು ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಮೊದಲು ನಡೆಸಿದರು. ವೆಸ್ಲಿಯ ಬೇರಿನಿಂದ ಬಂದ ಸಭೆಗಳಲ್ಲಿ ಇದಕ್ಕೆ ತುಂಬಾ ಬೆಲೆ. ಅವತ್ತು ಸಭೆಯೆಲ್ಲ ಎದ್ದು ನಿಂತು, ಈ ವರ್ಷ ನನಗೆ ಕೆಲಸ ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ನನ್ನನ್ನು ಎತ್ತಿದರೂ ಸರಿ, ಇಳಿಸಿದರೂ ಸರಿ, ನಾನು ನಿನ್ನವನು ಅನ್ನುವ ಅರ್ಥದ ಮಾತನ್ನು ದೇವರಿಗೆ ಹೇಳುತ್ತದೆ. ಕೇಕು, ಹೊಸಬಟ್ಟೆ ಎಲ್ಲ ಮುಗಿದ ಮೇಲೆ ಬರುವ ಈ ಭಾನುವಾರಕ್ಕೆ ಜನ ಕಡಿಮೆ. ನನ್ನ ಕೇಳಿದರೆ, ಇಡೀ ಕಾಲದಲ್ಲಿ ಒಂದೇ ದಿನ ಚರ್ಚಿಗೆ ಬರುತ್ತೇನೆ ಅನ್ನುವವರು ಇವತ್ತು ಬರಲಿ.

ಜನವರಿ 6ಕ್ಕೆ ಎಪಿಫನಿ. ನಕ್ಷತ್ರದ ಹಿಂದೆ ಬಂದವರ ದಿನ. ಕನ್ನಡ ಬೈಬಲ್ ಅವರನ್ನು ‘ಮೂಡಣ ದೇಶದ ಜೋಯಿಸರು’ ಅನ್ನುತ್ತದೆ. ಅವರು ಮೂವರು ಅಂತ ಬೈಬಲ್‌ನಲ್ಲಿ ಇಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಇದ್ದದ್ದಕ್ಕೆ ಮೂವರು ಅಂದುಕೊಂಡೆವು. ಅವರು ಗೋದಲಿಗೆ ಬಂದರು ಅಂತಲೂ ಇಲ್ಲ, ಮನೆಯೊಳಗೆ ಹೋದರು ಅಂತಿದೆ. ಅಂದರೆ ಅವರು ಕುರುಬರಿಗಿಂತ ತಡವಾಗಿ ಬಂದವರು. ಅದಕ್ಕೇ ಕೆಲವು ಮನೆಗಳಲ್ಲಿ ಜೋಯಿಸರ ಬೊಂಬೆಗಳನ್ನು ಮೊದಲು ಕೋಣೆಯ ಮೂಲೆಯಲ್ಲಿ ಇಟ್ಟು, ದಿನಕ್ಕಿಷ್ಟು ಅಂತ ಹತ್ತಿರ ತರುತ್ತಾರೆ. 6ಕ್ಕೆ ಅವರು ಮಗುವಿನ ಎದುರು ನಿಲ್ಲುತ್ತಾರೆ. ಅವರು ಬಂದು ಮುಟ್ಟುವ ತನಕ ದಾರಿ ತೋರಿಸುವ ನಕ್ಷತ್ರ ಇರಬೇಕಲ್ಲ? ಬಾಗಿಲ ಮುಂದಿನ ಸ್ಟಾರ್ ಅಲ್ಲಿಯವರೆಗೂ ಇರುವುದು ಇದಕ್ಕೆ.

ಆ ಸಂಜೆ ಕೊನೆಯ ಸಲ ದೀಪ ಹಾಕಿ, ಮಾರನೆಯ ದಿನ ಬಿಚ್ಚುತ್ತೇವೆ. ಮಡಿಕೆಯ ಗೆರೆ ನೋಡಿಕೊಂಡು ಮಡಚಿ, ಹಳೇ ಪೇಪರಿನಲ್ಲಿ ಸುತ್ತಿ, ರೋಸ್ ಕುಕ್ಕಿ ಅಚ್ಚಿನ ಜೊತೆ ಅಟ್ಟದ ಮೇಲೆ ಇಡುತ್ತೇವೆ. ಕಳೆದ ಸಲ ಸ್ಟೂಲ್ ಮೇಲೆ ನಿಂತು ದಾರ ಬಿಚ್ಚುವಾಗ ಎದುರು ಮನೆಯ ಅಕ್ಕ ಜಗಲಿಯಲ್ಲಿ ಕೂತಿದ್ದರು. ಮುಂದೆ ಮರದ ಹಲಗೆ, ಅಡಿಕೆ ಕತ್ತರಿ. ಕೊಬ್ಬರಿಯನ್ನೂ ಅಚ್ಚು ಬೆಲ್ಲವನ್ನೂ ಸಣ್ಣ ಸಣ್ಣ ಚೂರು ಮಾಡಿ ಬಿಸಿಲಿಗೆ ಹರಡುತ್ತಿದ್ದರು. ಸಂಕ್ರಾಂತಿಗೆ ಇನ್ನೂ ಒಂದು ವಾರ ಇತ್ತು.

“ಈಗ್ಲೇ ಶುರು ಮಾಡಿಬಿಟ್ರಾ ಅಕ್ಕ?” ಅಂತ ಕೇಳಿದೆ. ಅವರು ತಲೆಯೆತ್ತಿ ನನ್ನ ಕೈಯಲ್ಲಿದ್ದ ಸ್ಟಾರ್ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಚಾಪೆಯನ್ನು ಸ್ವಲ್ಪ ಸರಿಸಿ, ಬಾ ಕೂತ್ಕೋ ಅಂದರು.